ಎರಡು ದಿನ ತಲೆಗೆ ನೀರು ಬೇಡ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳುವುದು ನನ್ನ ಕಸುಬಲ್ಲ, ಕೂದಲು ಕತ್ತರಿಸುವುದು ನನ್ನ ಕಸುಬು. ಅದೂ ಚಿಕ್ಕಂದಿನಿಂದ ಕೈಗೆ ಬಂದದ್ದಲ್ಲ. ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಮೂವತ್ತೆರಡನೇ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ಎರಡು ವರ್ಷ ಟಿಪ್ಪಣಿ ಬರೆದುಕೊಂಡು ಕಲಿತದ್ದು. ಸಾಲದ್ದಕ್ಕೆ ಇದು ನನ್ನೊಬ್ಬಳ ಕತೆಯೂ ಅಲ್ಲ. ನನ್ನ ಅಣ್ಣನದು, ಅವನ ಮಗಳದು. ಅವರಿಬ್ಬರನ್ನೂ ಕೇಳದೆ ಹೇಳುತ್ತಿದ್ದೇನೆ. ಕೇಳಿದರೆ ಬೇಡ ಅಂದಾರು ಎಂಬ ಭಯ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಆ ಕತ್ತಲೆ ಬಾವಿಯೊಳಗೆ ಇಳಿದು ಹಗ್ಗ, ಗಾಲಿ, ಬ್ರೇಕು ನೋಡುವುದು ಅವನ ಕೆಲಸ. ದಿನವಿಡೀ ತಲೆಯ ಮೇಲೆ ಹೆಲ್ಮೆಟ್. ಮೊದಲೇ ಸೂಜಿಯಂತೆ ನೆಟ್ಟಗಿನ ಕೂದಲು, ಅದು ಸಂಜೆ ಹೊತ್ತಿಗೆ ನೆತ್ತಿಗೆ ಮೆತ್ತಿಕೊಂಡು ಇಸ್ತ್ರಿ ಹಾಕಿದಂತಾಗಿರುತ್ತಿತ್ತು. ಅವನ ಮಗಳ ತಲೆ ಪೂರ್ತಿ ಬೇರೆ. ಅತ್ತಿಗೆಯ ಕಡೆಯಿಂದ ಬಂದ ಗುಂಗುರು. ಬಾಚಣಿಗೆ ಹಾಕಿದರೆ ಬಾಚಣಿಗೆಯೇ ಕಾಣೆಯಾಗುವಷ್ಟು ದಟ್ಟ. ನಾವೆಲ್ಲ ಅವಳನ್ನು ಗುಂಗುರಿ ಎಂದೇ ಕರೆಯುತ್ತಿದ್ದೆವು.

ಆಗ ಅವಳಿಗೆ ಒಂಬತ್ತು ವರ್ಷ. ಅಣ್ಣ ಅತ್ತಿಗೆ ಬೇರೆಯಾಗಿ ಎರಡು ವರ್ಷವಾಗಿತ್ತು. ಅವರು ಜಗಳವಾಡಿ ಬೇರೆಯಾದವರಲ್ಲ, ಮಾತು ನಿಂತು ಬೇರೆಯಾದವರು. ಗುಂಗುರಿ ತಾಯಿಯ ಜೊತೆ ಇದ್ದಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಾತ್ರ ಅಣ್ಣನ ಪಾಲು. ಮಧ್ಯಾಹ್ನ ಅವಳಿಗೆ ಈಜು ತರಗತಿ ಇರುತ್ತಿತ್ತು, ಕರೆದುಕೊಂಡು ಹೋಗಿ ಬರುವುದು ಅವನ ಕೆಲಸ. ಆ ಎಂಟು ಗಂಟೆಗೋಸ್ಕರ ಅವನು ಶನಿವಾರವೇ ಶರ್ಟು ಒಗೆದು ಒಣಗಿಸಿಡುತ್ತಿದ್ದ.

ಒಂದು ಮಂಗಳವಾರ ಅವನು ಕೆಲಸದ ಬಟ್ಟೆಯಲ್ಲೇ, ಕೈಗೆಲ್ಲ ಗ್ರೀಸ್ ಬಳಿದುಕೊಂಡು ನಮ್ಮ ಸಲೂನಿಗೆ ಬಂದ.

"ಟೀಚರಮ್ಮ, ಪುರುಸೊತ್ತಿದೆಯಾ?"

ನಾನು ಸಂಜೆ ತರಗತಿಗೆ ಸೇರಿದಾಗಿನಿಂದ ನನಗೆ ಅವನಿಟ್ಟ ಹೆಸರು ಅದು.

"ಕೈ ತೊಳ್ಕೊಂಡು ಬಾ ಅಣ್ಣ, ಕುರ್ಚಿ ಮುಟ್ಟಬೇಡ. ಏನಾಯ್ತು?"

"ನನಗೆ ಗುಂಗುರು ಮಾಡ್ತೀಯಾ? ಸುತ್ತಲೂ ಸಣ್ಣಗೆ ಕತ್ತರಿಸಿ, ಮೇಲೆ ಮಾತ್ರ. ಈಗಿನ ಹುಡುಗರು ಮಾಡಿಸ್ಕೋತಾರಲ್ಲ, ತಲೆ ಮೇಲೆ ಹೂಕೋಸು ಇಟ್ಟ ಹಾಗೆ."

ಕನ್ನಡಿ ಒರೆಸುತ್ತಿದ್ದ ಸಲೂನಿನ ಯಜಮಾನರು ನಕ್ಕುಬಿಟ್ಟರು. ನಲವತ್ತು ವರ್ಷದ ಕೈ ಅವರದು. "ಏನ್ರೀ, ನಲವತ್ತು ದಾಟಿದ ಮೇಲೆ ಹೂಕೋಸಿನ ಆಸೆ? ಯಾರನ್ನ ಮೆಚ್ಚಿಸಬೇಕು?"

"ನನ್ನ ಮಗಳನ್ನ, ಯಜಮಾನ್ರೇ," ಅಂದ ಅಣ್ಣ. ಯಜಮಾನರ ನಗು ಅಲ್ಲಿಗೇ ನಿಂತಿತು.

ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ ಹೇಳಿದ. ಈಜುಕೊಳದ ಗೇಟಿನಲ್ಲಿ ಹೊಸದಾಗಿ ಒಬ್ಬಾಕೆ ಕಾವಲಿಗೆ ಬಂದಿದ್ದಳಂತೆ. ಇವನನ್ನು ಬದಿಗೆ ನಿಲ್ಲಿಸಿ ಗುಂಗುರಿಯನ್ನು ಕೇಳಿದಳಂತೆ, "ಪುಟ್ಟಿ, ಇವರು ನಿನಗೆ ಗೊತ್ತಿರೋರಾ?"

"ಅವಳ ಕೆಲಸ ಅವಳು ಮಾಡಿದ್ಲು ಬಿಡು ಅಣ್ಣ."

"ಅದು ಸರಿ ಕಣೇ. ಆದ್ರೆ ಗುಂಗುರಿ ತಕ್ಷಣ 'ಅಪ್ಪ' ಅನ್ಲಿಲ್ಲ. ಒಂದು ಸಲ ನನ್ನ ಮುಖ ನೋಡಿದ್ಲು. ನೋಡಿ ಆಮೇಲೆ ಅಂದ್ಲು."

ಅವನು ಕನ್ನಡಿಯಲ್ಲಿ ತನ್ನ ತಲೆಯನ್ನೇ ನೋಡುತ್ತ ಅಂದ, "ನೋಡಿದ ಕೂಡಲೇ ಇವನು ಅವಳಪ್ಪ ಅಂತ ಗೊತ್ತಾಗ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ನಾನು ಅವತ್ತೇ ಒಪ್ಪಿಕೊಂಡೆ. ಗುಂಗುರು ಮಾಡುವುದನ್ನು ತರಗತಿಯಲ್ಲಿ ಬೊಂಬೆಯ ತಲೆಗೆ ಮಾಡಿದ್ದೆ, ಸಲೂನಿನಲ್ಲಿ ಯಜಮಾನರಿಗೆ ಕೈಜೋಡಿಸಿದ್ದೆ. ಒಬ್ಬಳೇ ಮೊದಲಿಂದ ಕೊನೆಯವರೆಗೆ ಮಾಡಿರಲಿಲ್ಲ. "ಮೇಲಿನ ಕೂದಲು ನಾಲ್ಕು ಬೆರಳಾದ್ರೂ ಬೆಳೀಲಿ, ಇಲ್ಲದಿದ್ರೆ ರಾಡಿಗೆ ಸುತ್ತೋಕಾಗಲ್ಲ" ಎಂದು ಹೇಳಿ ಆರು ವಾರ ತಳ್ಳಿದೆ. ಆ ಆರು ವಾರ ನನ್ನ ಹಳೆಯ ಟಿಪ್ಪಣಿಗಳನ್ನು ಪರೀಕ್ಷೆಗೆ ಕೂರುವವಳಂತೆ ಓದಿದೆ.

ಕೂದಲು ಬೆಳೆಯಿತು. ಒಂದು ಶನಿವಾರ ಬೆಳಿಗ್ಗೆ ಎಂಟೂವರೆಗೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಯಜಮಾನರು ನನಗೆ ಕುರ್ಚಿ ಬಿಟ್ಟುಕೊಟ್ಟರು. "ನಾನು ಬಾಯಿ ಹಾಕಲ್ಲಮ್ಮ, ಕೈನೂ ಹಾಕಲ್ಲ. ನೀನೇ ಮಾಡು," ಅಂದರು. ಅದು ಪ್ರೋತ್ಸಾಹವೋ ಪರೀಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ತಲೆ ತೊಳೆದೆ. ಕಿವಿಯ ಮೇಲೆ, ಹಿಂದೆ ಎಲ್ಲ ಮಷಿನ್ ಹಾಕಿ ಸಣ್ಣಗೆ ಮಾಡಿದೆ. ನೆತ್ತಿಯ ಕೂದಲನ್ನು ಸಾಲು ಸಾಲಾಗಿ ಬಿಡಿಸಿ, ಒಂದೊಂದು ಎಳೆಗೊಂಚಲಿನ ತುದಿಗೂ ತೆಳು ಕಾಗದ ಮಡಚಿ, ಪೆನ್ಸಿಲ್ ದಪ್ಪದ ಪ್ಲಾಸ್ಟಿಕ್ ರಾಡುಗಳಿಗೆ ಸುತ್ತಿದೆ. ಮೂವತ್ತನಾಲ್ಕು ರಾಡು. ಹಣೆಯ ಸುತ್ತ ಹತ್ತಿ ಕಟ್ಟಿ ಮೊದಲನೇ ಔಷಧಿ ಹಾಕಿದೆ. ಅದರ ವಾಸನೆಗೆ ಅಣ್ಣ ಮೂಗು ಮುಚ್ಚಿಕೊಂಡ.

"ಏನೇ ಇದು, ಕೊಳೆತ ಮೊಟ್ಟೆ! ಲಿಫ್ಟ್ ಗುಂಡಿಲಿ ಸತ್ತ ಇಲಿ ಸಿಕ್ಕಾಗ್ಲೂ ಇಷ್ಟು ನಾರಲ್ಲ."

"ಅಲ್ಲಾಡಬೇಡ."

"ನನ್ನ ತಲೆ ನೋಡು, ಅಂಗಡೀಲಿ ಬ್ಯಾಟರಿ ಜೋಡಿಸಿಟ್ಟ ಹಾಗಿದೆ. ಬಟನ್ ಒತ್ತಿದ್ರೆ ದೀಪ ಹತ್ತುತ್ತಾ?"

ಹದಿನೈದು ನಿಮಿಷಕ್ಕೊಮ್ಮೆ ನೋಡಿದರೆ ಸಾಕಿತ್ತು, ನಾನು ಮೂರು ನಿಮಿಷಕ್ಕೊಮ್ಮೆ ಒಂದು ರಾಡು ಬಿಚ್ಚಿ ಸುರುಳಿ ಕೂತಿದೆಯೇ ಎಂದು ನೋಡಿದೆ. ಕೂತಿತು. ರಾಡು ತೆಗೆಯದೆ ತೊಳೆದು, ನೀರು ಹೀರಿಸಿ, ಸುರುಳಿಯನ್ನು ಗಟ್ಟಿ ಮಾಡುವ ಎರಡನೇ ಔಷಧಿ ಹಾಕಿ, ಮತ್ತೆ ತೊಳೆದು ಮುಗಿಸಿದಾಗ ಗಡಿಯಾರ ಸರಿಯಾಗಿ ಹನ್ನೊಂದು ತೋರಿಸುತ್ತಿತ್ತು. ಅಣ್ಣ ಕನ್ನಡಿ ನೋಡಿದ. ಆಮೇಲೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, "ಅರೆ, ಗುಂಗುರಿ ಇಲ್ಲೇ ಬಂದು ಕೂತಿದ್ದಾಳಲ್ಲ," ಅಂದ. ಯಜಮಾನರು ದೂರದಿಂದಲೇ ತಲೆಯಾಡಿಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹೊರಡುವಾಗ ಅವನು ಕೇಳಿದ, "ಮತ್ತೆ ತಲೆಗೆ ಸ್ನಾನ ಯಾವಾಗ?"

ಇಲ್ಲಿ ನಾನು ನಿಜ ಹೇಳಬೇಕು. ಔಷಧಿಯ ಡಬ್ಬದೊಳಗಿನ ಚೀಟಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಕೂದಲು ನೆನೆಸಬೇಡಿ ಎಂದಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಲವತ್ತೆಂಟು ಗಂಟೆ ಎಂದಿತ್ತು. ಅದು ಹಳೆಯ ಕಾಲದ ಔಷಧಿಗಿರಬಹುದು ಎಂದು ನನಗೆ ಗೊತ್ತಿತ್ತು. ಆದರೂ ನಾನು ಯಾವತ್ತೂ ಹೀಗೇ. ಐದು ನಿಮಿಷ ಎಂದಿದ್ದಲ್ಲಿ ಹತ್ತು ಹೇಳುವವಳು, ಒಂದು ಚಮಚ ಕಡಿಮೆ ಹಾಕಿ ಅನ್ನುವವಳು. ಯಾರೂ ಬಂದು "ನೀನು ಹೇಳಿದ ಹಾಗೆ ಮಾಡಿದೆ, ಕೆಟ್ಟುಹೋಯ್ತು" ಅನ್ನಬಾರದು.

"ಎರಡು ದಿನ ತಲೆಗೆ ಒಂದು ಹನಿ ನೀರು ಬೇಡ," ಅಂದೆ. "ಟೋಪಿ ಬೇಡ, ಹೆಲ್ಮೆಟ್ ಬೇಡ. ಒತ್ತಿದ್ರೆ ಸುರುಳಿ ಮಲಗಿಬಿಡುತ್ತೆ."

"ಅಪ್ಪಣೆ, ಟೀಚರಮ್ಮ."

ಭಾನುವಾರ ನಾನೂ ಈಜುಕೊಳಕ್ಕೆ ಹೋದೆ. ಗುಂಗುರಿಯನ್ನು ನೋಡುವ ಆಸೆ ಎಂದು ಅಣ್ಣನಿಗೆ ಹೇಳಿದೆ. ನಿಜವಾಗಿ ನನಗೆ ಆ ಸುರುಳಿಗಳನ್ನು ನೋಡಬೇಕಿತ್ತು, ರಾತ್ರಿ ಕಳೆದು ಹೇಗಿವೆ ಅಂತ. ಚೆನ್ನಾಗಿಯೇ ಇದ್ದವು. ಗುಂಗುರಿ ಬೆಳಿಗ್ಗೆಯಿಂದ ಅಪ್ಪನ ತಲೆಯಿಂದ ಕೈ ತೆಗೆದಿರಲಿಲ್ಲವಂತೆ. ಗೇಟಿನಾಕೆಗೆ ಅವಳೇ ಮುಂದಾಗಿ ಹೇಳಿದಳು: "ಇವರು ನಮ್ಮಪ್ಪ! ನೋಡಿ, ಇಬ್ಬರದ್ದೂ ಒಂದೇ ತಲೆ!" ಗೇಟಿನಾಕೆ ನಕ್ಕಳು. ಅಣ್ಣನ ಮುಖ ನೋಡಬೇಕಿತ್ತು ನೀವು.

ಒಳಗೆ ಹೋದ ಮೇಲೆ ಈಜು ಕಲಿಸುವವರು ಸೀಟಿ ಊದಿ ಎಲ್ಲರನ್ನೂ ಕರೆದರು. ಮುಂದಿನ ವಾರದಿಂದ ಕೊಳದ ನೆಲಕ್ಕೆ ಹೊಸ ಟೈಲ್ಸ್ ಹಾಕುತ್ತಾರೆ, ನಾಲ್ಕು ತಿಂಗಳು ಮುಚ್ಚಿರುತ್ತದೆ. ಹಾಗಾಗಿ ಮಕ್ಕಳ ಕೊನೆಯ ಪರೀಕ್ಷೆ ಇವತ್ತೇ. ಆಳದ ಕಡೆಯ ಅಂಚಿನಿಂದ ಹಾರಬೇಕು. ಹೆದರುವ ಮಕ್ಕಳಿಗೆ ಅಪ್ಪನೋ ಅಮ್ಮನೋ ನೀರಿನಲ್ಲಿ ನಿಂತು ಕೈಚಾಚಬಹುದು.

ಗುಂಗುರಿ ಎಲ್ಲ ಕಲಿತಿದ್ದಳು, ಹಾರುವುದೊಂದು ಬಿಟ್ಟು. ಅದಕ್ಕೆ ಅವಳಿಗೆ ಬಹಳ ಭಯ. ಅಣ್ಣ ಎಷ್ಟೋ ವಾರಗಳಿಂದ ಅವಳಿಗೆ ಮಾತು ಕೊಟ್ಟಿದ್ದ: "ಆ ದಿನ ಬರಲಿ, ನಾನು ಕೆಳಗೆ ನಿಂತಿರ್ತೀನಿ, ನೀನು ಕಣ್ಣು ಮುಚ್ಚಿ ಹಾರು." ಆ ದಿನ ಹೀಗೆ ಹೇಳದೆ ಕೇಳದೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಒಬ್ಬೊಬ್ಬರೇ ನೀರಿಗಿಳಿದರು. ಒಬ್ಬ ತಂದೆ ಯಾರದೋ ಚಡ್ಡಿ ಕೇಳಿ ಹಾಕಿಕೊಂಡು ಇಳಿದ. ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯನ್ನು ಮಗಳಿಗೆ ಚಾಚಿದ. ಮಕ್ಕಳು ಹಾರುತ್ತಿದ್ದಂತೆ ನೀರು ಕೆಳಗೆ ನಿಂತವರ ತಲೆಯ ಮೇಲೆಲ್ಲ ಸಿಡಿಯುತ್ತಿತ್ತು. ಗುಂಗುರಿಯ ಸರದಿ ಬಂತು. ಅವಳು ಅಂಚಿನಲ್ಲಿ ನಿಂತು, ಕಾಲ್ಬೆರಳು ಮಡಚಿಕೊಂಡು, "ಅಪ್ಪಾ, ಇಳಿ," ಅಂದಳು.

ಅಣ್ಣ ಷೂ ಬಿಚ್ಚಿದ. ಆಮೇಲೆ ಬೆಂಚಿನ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದ. ಗಲಾಟೆಯಲ್ಲಿ ಮಾತು ಕೇಳುವಂತಿರಲಿಲ್ಲ. ನೀರು ತೋರಿಸಿ, ತನ್ನ ತಲೆ ಮುಟ್ಟಿಕೊಂಡು, ಹುಬ್ಬೆತ್ತಿದ. ಇಳಿಯಲೋ?

ನಾನು ಗೋಡೆ ಗಡಿಯಾರ ನೋಡಿದೆ. ನಾಲ್ಕು ಗಂಟೆ. ನಿನ್ನೆ ಹನ್ನೊಂದರಿಂದ ಇಪ್ಪತ್ತೊಂಬತ್ತು ಗಂಟೆ. ಚೀಟಿಯ ಲೆಕ್ಕಕ್ಕೆ ಐದು ಗಂಟೆ ಹೆಚ್ಚೇ ಆಗಿತ್ತು. ಆದರೆ ಇದು ಕ್ಲೋರಿನ್ ನೀರು, ಆ ಮಾತು ಚೀಟಿಯಲ್ಲಿರಲಿಲ್ಲ. ನಾಳೆ ಸುರುಳಿ ಬಿಟ್ಟುಹೋದರೆ? ಯಜಮಾನರು ನೋಡಿದರೆ? ಮೊದಲ ತಲೆಯೇ ಕೆಡಿಸಿದಳು ಅಂದರೆ? ಇದೆಲ್ಲ ಒಂದು ಉಸಿರಿನಲ್ಲಿ ಬಂತು. ಗುಂಗುರಿ ಮಾತ್ರ ಆ ಉಸಿರಿನಲ್ಲಿ ಬರಲಿಲ್ಲ.

ನಾನು ಎರಡು ಬೆರಳು ಎತ್ತಿ ತೋರಿಸಿದೆ. ಎರಡು ದಿನ. ಸಾಲದೆಂದು ತಲೆಯನ್ನೂ ಅಲ್ಲಾಡಿಸಿದೆ.

ಅಣ್ಣ ಅಂಚಿನಲ್ಲೇ ಮಂಡಿಯೂರಿ ಕೂತ. "ಪುಟ್ಟಾ, ಸರ್ ಇದ್ದಾರಲ್ಲ ನೀರಲ್ಲಿ. ಅವರು ಹಿಡ್ಕೋತಾರೆ. ನಾನು ಇಲ್ಲೇ, ನಿನ್ನ ಪಕ್ಕದಲ್ಲೇ ಇದ್ದೀನಿ."

"ನೀನು ಇಳಿತೀನಿ ಅಂದಿದ್ದೆ."

"ಹೌದು ಕಣಮ್ಮ. ಇವತ್ತು ತಲೆ ನೆನೆಸೋ ಹಾಗಿಲ್ಲ. ಅತ್ತೆ ಬೇಡ ಅಂತಿದ್ದಾಳೆ."

ಗುಂಗುರಿ ನನ್ನ ಕಡೆ ನೋಡಿದಳು. ಇಳಿಸುವುದನ್ನೇ ಮರೆತಿದ್ದ ನನ್ನ ಎರಡು ಬೆರಳು ಇನ್ನೂ ಮೇಲೇ ಇದ್ದವು.

ನೀರಿನೊಳಗಿಂದ ಆ ಚಡ್ಡಿ ಹಿಡಿದುಕೊಂಡ ತಂದೆ ತಮಾಷೆಗೆ ಕೂಗಿದ, "ಏನ್ ಸಾರ್, ತಲೆ ನೆಂದ್ರೆ ಬಣ್ಣ ಬಿಡುತ್ತಾ? ಇಳೀರಿ ಇಳೀರಿ, ನಾವ್ಯಾರೂ ನೋಡಲ್ಲ!" ನಾಲ್ಕೈದು ಜನ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಅಣ್ಣನೂ ನಕ್ಕ, ನಗಲೇಬೇಕಲ್ಲ. ಗುಂಗುರಿಯ ಕಿವಿ ಕೆಂಪಾಯಿತು.

ಕಲಿಸುವವರು "ಬಾಮ್ಮ, ಒಂದು, ಎರಡು" ಎಂದರು. ಅವಳು ಮೂರರವರೆಗೆ ಕಾಯಲಿಲ್ಲ. ಹಿಂದಕ್ಕೆ ತಿರುಗಿ, ಒದ್ದೆ ನೆಲದ ಮೇಲೆ ಜಾರದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೋಗಿ ತನ್ನ ಟವೆಲ್ ತೆಗೆದುಕೊಂಡಳು. ಅತ್ತಿದ್ದರೆ ಒಳ್ಳೆಯದಿತ್ತು, ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ.

ಆಗಲೂ ಸಮಯವಿತ್ತು. ಇನ್ನೂ ಮೂರು ಮಕ್ಕಳ ಸರದಿ ಬಾಕಿಯಿತ್ತು. ನಾನು ಎದ್ದು ಹೋಗಿ "ಅಣ್ಣ, ಇಳಿ, ಏನೂ ಆಗಲ್ಲ, ಚೀಟಿಯಲ್ಲಿ ಒಂದೇ ದಿನ ಅಂತಿದೆ" ಅನ್ನಬಹುದಿತ್ತು. ಹಾಗೆಂದರೆ ನಿನ್ನೆ ಸುಳ್ಳು ಹೇಳಿದೆ ಎಂದಾಗುತ್ತಿತ್ತು. ನಾನು ಬೆಂಚಿನ ಮೇಲೆ ಕೂತೇ ಇದ್ದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನೇ ಅವಳ ತಲೆ ಒರೆಸಿದೆ. ಅವಳು ಗೋಡೆಯ ಕಡೆ ನೋಡುತ್ತ ಕೇಳಿದಳು, "ಅತ್ತೆ, ಅಪ್ಪನ ಗುಂಗುರು ಎಷ್ಟು ದಿನ ಇರುತ್ತೆ?"

"ಮೂರು ತಿಂಗಳು ಇರುತ್ತೆ ಪುಟ್ಟಾ. ಆಮೇಲೆ ಬುಡದಿಂದ ನೆಟ್ಟಗೆ ಬೆಳೆಯೋಕೆ ಶುರುವಾಗುತ್ತೆ. ಮತ್ತೆ ಮಾಡ್ಬೇಕು."

"ಮತ್ತೆ ಮಾಡಿದಾಗ್ಲೂ ಎರಡು ದಿನ ನೀರಿಗೆ ಇಳಿಯೋ ಹಾಗಿಲ್ವಾ?"

"ಇಲ್ಲ," ಅಂದೆ. ಆರು ಗಂಟೆಗೆ ಅಣ್ಣ ಅವಳನ್ನು ಬಿಡಲು ಹೋದಾಗ ಅವಳು ಅವನ ತಲೆ ಮುಟ್ಟದೆ ಒಳಗೆ ಹೋದಳಂತೆ.

ಸುರುಳಿಗಳು ಮಾತ್ರ ಚೆನ್ನಾಗಿ ನಿಂತವು. ಅಣ್ಣ ಅವನ್ನು ಅಷ್ಟು ಜೋಪಾನ ಮಾಡಿದ. ದಿನಾ ಬೆಳಿಗ್ಗೆ ನೀರು ಚಿಮುಕಿಸಿ, ಕ್ರೀಮು ಹಚ್ಚಿ, ಕೆಳಗಿನಿಂದ ಮುಷ್ಟಿಯಲ್ಲಿ ಹಿಂಡಿ ಹಿಂಡಿ ಬಿಡುವುದು. ಬಾಚಣಿಗೆ ಮುಟ್ಟಿಸುವಂತಿಲ್ಲ. ಹೆಲ್ಮೆಟ್ಟಿನೊಳಗೆ ಒರಟು ಪಟ್ಟಿ ಉಜ್ಜುತ್ತದೆ ಅಂದ. ನಾನು ಹಳೆಯ ಕೈಚಳಕ ನೆನೆದು ನುಣುಪು ಸ್ಯಾಟಿನ್ನಿನ ಒಳಪದರ ಹೊಲಿದುಕೊಟ್ಟೆ, ತಲೆದಿಂಬಿಗೂ ಅದೇ ಬಟ್ಟೆಯ ಗವಸು. ಅವನ ಜೊತೆಯವರು ಅವನಿಗೆ 'ಮದುಮಗ' ಅಂತ ಹೆಸರಿಟ್ಟರು. "ಅಂದುಕೊಳ್ಳಲಿ ಬಿಡೇ," ಎನ್ನುತ್ತಿದ್ದ. "ಗೇಟಲ್ಲಿ ಅವಳು ಅಂದ ಮಾತು ಕೇಳಿದ್ಯಲ್ಲ ನೀನು? ಇಬ್ಬರದ್ದೂ ಒಂದೇ ತಲೆ ಅಂತ."

ಅವನಿಗೆ ಆ ದಿನದಲ್ಲಿ ಅಷ್ಟೇ ಉಳಿದಿತ್ತು. ಅಥವಾ ಅಷ್ಟನ್ನೇ ಉಳಿಸಿಕೊಂಡಿದ್ದ.

ಗುಂಗುರಿ ಭಾನುವಾರಗಳಂದು ಬರುವುದನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಮೊದಲು ಹತ್ತರ ಬದಲು ಹನ್ನೆರಡಕ್ಕೆ ಬರತೊಡಗಿದಳು. ಕೊಳ ಮತ್ತೆ ತೆರೆದಾಗ ಈಜಿಗೆ ಹೋಗಲ್ಲ ಅಂದಳು. ಆಮೇಲೆ ಗೆಳತಿಯ ಹುಟ್ಟುಹಬ್ಬ, ಆಮೇಲೆ ಪರೀಕ್ಷೆ, ಆಮೇಲೆ ವಾರ ಬಿಟ್ಟು ವಾರ. ಒಂದೊಂದಕ್ಕೂ ಸರಿಯಾದ ಕಾರಣವಿತ್ತು. ಈಗ ಅವಳಿಗೆ ಹದಿನಾಲ್ಕು. ತಿಂಗಳಿಗೊಮ್ಮೆ ಬರುತ್ತಾಳೆ, ಅಪ್ಪನ ಜೊತೆ ಮರ್ಯಾದೆಯಿಂದ ಮಾತಾಡುತ್ತಾಳೆ. ಆ ಮರ್ಯಾದೆ ನೋಡಿದರೆ ನನಗೆ ಸಂಕಟವಾಗುತ್ತದೆ.

ಎರಡನೇ ಸಲ ಗುಂಗುರು ಮಾಡುವ ಹೊತ್ತಿಗೆ ಕೊಳ ಇನ್ನೂ ಮುಚ್ಚಿಯೇ ಇತ್ತು. ಮುಗಿಸಿ, ಬಟ್ಟೆ ಕೊಡವುತ್ತ, ಆದಷ್ಟು ಸಲೀಸಾಗಿ ಅಂದೆ, "ನಾಳೆ ಇಷ್ಟು ಹೊತ್ತಿಗೆ ತಲೆ ನೆನೆಸಬಹುದು ಅಣ್ಣ."

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. "ಮೊದಲ ಸಲ ಎರಡು ದಿನ ಅಂದಿದ್ದೆ ಅಲ್ವಾ?"

"ಔಷಧಿ ಬದಲಾಗಿದೆ. ಇದು ಹೊಸದು."

"ಓಹೋ," ಅಂದ. ಕುರ್ಚಿಯಿಂದ ಏಳುತ್ತ, "ಇರ್ಲಿ ಬಿಡು. ನಾನು ಎರಡು ದಿನಾನೇ ಬಿಡ್ತೀನಿ," ಅಂದ.

ಅವನು ಹೋದ ಮೇಲೆ ಯಜಮಾನರು ಕಪಾಟಿನ ಕಡೆ ನೋಡಿ ಕೇಳಿದರು, "ಅದೇ ಬಾಟಲಿ ಅಲ್ವೇನಮ್ಮ, ಹೋದ ಸಲದ್ದು?" ನಾನು ತಲೆ ಬಗ್ಗಿಸಿ ನೆಲ ಗುಡಿಸಿದೆ.

ಕೊಳ ತೆರೆದ ಮೇಲೆ ನಾನೊಂದು ಕೆಲಸ ಮಾಡಿದೆ, ಹೇಳಿಕೊಳ್ಳಲು ನಾಚಿಕೆ. ಅಣ್ಣನ ತಲೆಯಿಂದ ಕತ್ತರಿಸಿದ್ದ ಹೊಸ ನೆಟ್ಟಗಿನ ಕೂದಲಿನ ಒಂದು ಗೊಂಚಲನ್ನು ದಾರದಿಂದ ಕಟ್ಟಿ, ಅದೇ ಔಷಧಿ ಹಾಕಿ ಗುಂಗುರು ಮಾಡಿದೆ. ಇಪ್ಪತ್ತೊಂಬತ್ತು ಗಂಟೆ ಎಣಿಸಿ, ಬಾಟಲಿಯಲ್ಲಿ ತಂದಿದ್ದ ಕೊಳದ ನೀರಿನಲ್ಲಿ ಅದ್ದಿದೆ. ತೆಗೆದು ಒಣಗಿಸಿದೆ. ಸುರುಳಿ ಸ್ವಲ್ಪ ಸಡಿಲವಾಯಿತು, ಬಿಟ್ಟುಹೋಗಲಿಲ್ಲ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಆದರೆ ಕತ್ತರಿಸಿದ ಕೂದಲು ತಲೆಯ ಮೇಲಿನ ಕೂದಲಲ್ಲ. ತಲೆಗೆ ಬಿಸಿಯಿದೆ, ಬೆವರಿದೆ. ಬಾಟಲಿಯಲ್ಲಿ ಅದ್ದುವುದೂ ಮಗುವೊಂದು ಮೇಲಿನಿಂದ ಬಂದು ಎದೆಗೆ ಬೀಳುವುದೂ ಒಂದಲ್ಲ. ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಐದು ವರ್ಷವಾಯಿತು. ಹನ್ನೆರಡು ವಾರಕ್ಕೊಮ್ಮೆ ಅಣ್ಣ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಈಗ ಕೂದಲು ಮೊದಲಿನಷ್ಟು ಗಟ್ಟಿಯಿಲ್ಲ, ರಾಡಿಗೆ ಸುತ್ತುವಾಗ ತುದಿಗಳು ತುಂಡಾಗುತ್ತವೆ. ರಾಡು ಇಪ್ಪತ್ತಾರಕ್ಕೆ ಇಳಿದಿದೆ. "ಸಾಕು ಅಣ್ಣ, ಒಂದು ವರ್ಷ ಬಿಡೋಣ, ಕೂದಲಿಗೆ ಉಸಿರಾಡೋಕೆ ಬಿಡೋಣ," ಅಂತ ಹೋದ ಸಲ ಹೇಳಿದೆ. ಯಜಮಾನರೂ ಅದನ್ನೇ ಹೇಳಿದರು. "ಈ ತಿಂಗಳು ಅವಳು ಬರೋಳಿದ್ದಾಳೆ, ಇದೊಂದು ಸಲ ಮಾಡು," ಅಂದ. ಮಾಡಿದೆ. ಒಂದು ದಿನ ಸಾಕು ಅಂದೆ. ಅವನು ಎರಡು ದಿನ ಬಿಟ್ಟ.

ಅವತ್ತು ಅವನು ನೀರಿಗಿಳಿದಿದ್ದರೆ ಸುರುಳಿ ನಿಲ್ಲುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇಳಿದಿದ್ದರೂ ಗುಂಗುರಿ ಹಾರುತ್ತಿದ್ದಳೇ, ಗೊತ್ತಿಲ್ಲ. ಅವಳು ದೂರವಾದದ್ದು ಅದರಿಂದಲೋ, ಹೇಗಿದ್ದರೂ ಬೆಳೆಯುತ್ತ ದೂರವಾಗುತ್ತಿದ್ದಳೋ, ಅದೂ ತಿಳಿಯದು. ಅವಳನ್ನು ಕೇಳುವ ಧೈರ್ಯ ನನಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಔಷಧಿ ಎಂದೂ ಬದಲಾಗಲಿಲ್ಲ ಎಂಬುದು ಅಣ್ಣನಿಗೆ ಗೊತ್ತಿದೆಯೋ ಇಲ್ಲವೋ, ಗೊತ್ತಿದ್ದೂ ನನ್ನ ಮಾತು ಉಳಿಸಲೆಂದು ಎರಡನೇ ದಿನವೂ ತಲೆ ನೆನೆಸದೆ ಇರುತ್ತಾನೋ, ನನಗೆ ತಿಳಿದಿಲ್ಲ.